ಪದವೀವೇಷವೂ ಸ್ನಾತಕವೇಷವೂ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಪದವೀಪ್ರದಾನ ಸಮಾರಂಭಕ್ಕೆ ಕನ್ನಡದಲ್ಲಿ ಘಟಿಕೋತ್ಸವವೆಂಬ ಹೆಸರು ರೂಢಿಗೆ ಬಂದಿದೆ. ಸಮಸ್ತಪದವು ಹೊಸದು, ಅದರ ಪೂರ್ವಪದವು ಮಾತ್ರ ಬಹು ಹಳೆಯದು. ಕದಂಬ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಪ್ರವೇಶಿಸಿದನೆಂದು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಕ್ರಿ. ಶ. ೧೦೫೮ನೆಯ ನಾಗಾವಿಯ ಶಾಸನದಲ್ಲಿ ಘಟಿಕಾಶಾಲೆಯೊಂದರ ವಿವರವೇ ದೊರೆಯುತ್ತದೆ: ವೇದಾಧ್ಯಯನ ಮಾಡುವ ೨೦೦ ಮಂದಿ ವಟುಗಳು, ಅವರಲ್ಲದೆ ಶಾಸ್ತ್ರಾಭ್ಯಾಸಿಗಳು, ಪಾಠ ಹೇಳುವ ಉಪಾಧ್ಯಾಯರು, ಪುಸ್ತಕಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀಭಂಡಾರಿಗರು. ಹೀಗೆ ಹೆಸರು ಈ ದೇಶದ್ದು. ಆದರೆ ಆ ಹೆಸರಿನ ಉತ್ಸವದಲ್ಲಿ ತೊಡುವ ಕರಿಯ ನಿಲುವಂಗಿ, ಬೆನ್ನ ಮೇಲೆ ಇಳಿಬಿಡುವ ಬಣ್ಣದ ಕುಲಾವಿ, ಚೌಕನಾದ ಟೋಪಿ ಇವು ಮೂರೂ ಬೇರೊಂದು ದೇಶದವು, ಬೇರೊಂದು ಹವೆಯವು.

ಈ ವೇಷವನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತಿದೆ. ೨೦೨೪ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು ತನ್ನ ಅಧೀನದ ವೈದ್ಯವಿದ್ಯಾಸಂಸ್ಥೆಗಳಿಗೆ, ಕರಿಯ ಅಂಗಿ ಟೋಪಿಗಳನ್ನು ಬಿಟ್ಟು ಆಯಾ ಪ್ರಾಂತದ ಸಂಪ್ರದಾಯಕ್ಕೆ ಒಪ್ಪುವ ಉಡುಪನ್ನು ರೂಪಿಸಿಕೊಳ್ಳಬೇಕೆಂದು ಸೂಚನೆಯನ್ನು ಕಳುಹಿಸಿತು. ಇಂತಹ ಸಂದರ್ಭಗಳಲ್ಲಿ ಎರಡು ಮಾತುಗಳನ್ನು ತಪ್ಪದೆ ಕೇಳುತ್ತೇವೆ. ಇದು ಆಂಗ್ಲರ ಆಳಿಕೆಯ ಕುರುಹು, ಆದ್ದರಿಂದ ಹೋಗಬೇಕೆಂಬುದು ಒಂದು. ನಮ್ಮ ಸಮಾವರ್ತನಸಂಸ್ಕಾರದಲ್ಲಿ ಸ್ನಾತಕನು ಹೊಸ ಬಟ್ಟೆಯನ್ನು ಉಡುತ್ತಿದ್ದನಷ್ಟೆ, ಇದೂ ಅದೇ, ಆದ್ದರಿಂದ ಇರಲಿ ಅಥವಾ ಅದರಂತೆ ಮಾರ್ಪಡಲಿ ಎಂಬುದು ಇನ್ನೊಂದು. ಮೊದಲನೆಯ ಮಾತು ಅರ್ಧಸತ್ಯ. ಎರಡನೆಯದು ನೋಟಕ್ಕೆ ಸರಿಯಾಗಿ ಕಂಡರೂ ವಿಚಾರಮಾಡಿದರೆ ನಿಲ್ಲುವುದಿಲ್ಲ. ಪಶ್ಚಿಮದ ಪದವೀವೇಷವು ಒಳಕ್ಕೆ ಬರುವವನ ವೇಷ. ನಮ್ಮ ಸ್ನಾತಕನದು ಹೊರಕ್ಕೆ ಹೋಗುವವನ ವೇಷ. ಎರಡಕ್ಕೂ ಇರುವ ಈ ದಿಗ್ಭೇದವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಪಶ್ಚಿಮದ ಉದಾಹರಣೆಗಾಗಿ ಮುಖ್ಯವಾಗಿ ಆಕ್ಸ್‌ಫರ್ಡಿನ ಸಂಪ್ರದಾಯವನ್ನು ತೆಗೆದುಕೊಂಡಿದ್ದೇನೆ. ಹಳೆಯ ಪದ್ಧತಿಯು ಅಲ್ಲಿ ಉಳಿದಿರುವಷ್ಟು ಬೇರೆಡೆ ಉಳಿದಿಲ್ಲ.

ಮೊದಲು ವೇಷದ ಹುಟ್ಟನ್ನು ನೋಡೋಣ. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಬೊಲೋನಿಯ, ಪ್ಯಾರಿಸ್, ಆಕ್ಸ್‌ಫರ್ಡುಗಳಲ್ಲಿ ವಿದ್ಯಾಸಂಘಗಳು ತಲೆಯೆತ್ತಿದಾಗ ಅವುಗಳಿಗೆ ಪ್ರತ್ಯೇಕವಾದ ಉಡುಪೆಂಬುದೇನೂ ಇರಲಿಲ್ಲ. ಉತ್ತರ ಯೂರೋಪಿನ ವಿದ್ಯಾವಂತರೆಲ್ಲ ಹೆಚ್ಚು ಕಡಮೆ ಕ್ರೈಸ್ತಧರ್ಮಸಂಘಕ್ಕೆ ಸೇರಿದವರು. ಆ ಸಂಘದವರು ಹಾಕಿಕೊಳ್ಳುತ್ತಿದ್ದ ಉದ್ದನೆಯ ಅಂಗಿಗಳನ್ನೇ ಇವರೂ ಹಾಕಿಕೊಳ್ಳುತ್ತಿದ್ದರು. ಕಲ್ಲಿನ ಕಟ್ಟಡಗಳು, ಬೆಂಕಿಯ ಕಾವು ಇಲ್ಲದ ಪಾಠದ ಕೊಠಡಿಗಳು, ವರ್ಷದಲ್ಲಿ ಬಹುಭಾಗ ಚಳಿ. ಒಂದರ ಮೇಲೊಂದು ಅಂಗಿ ತೊಟ್ಟು, ತಲೆಗೆ ಮುಸುಕು ಹಾಕಿಕೊಂಡು ಕುಳಿತರಲ್ಲದೆ ಅಲ್ಲಿ ಪಾಠ ನಡೆಯುವಂತಿರಲಿಲ್ಲ. ಮಲೆನಾಡಿನ ಒಕ್ಕಲಿಗನು ಮಳೆಗಾಲದಲ್ಲಿ ಹಾಕಿಕೊಳ್ಳುವ ಕಂಬಳಿಕೊಪ್ಪೆಯನ್ನು ಕಂಡವರು ಆ ಕಾಲದ ಕುಲಾವಿಯನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಹುದು. ಅದು ದೊರೆಯಿಂದ ಹಿಡಿದು ಕುರುಬನವರೆಗೆ ಎಲ್ಲರ ತಲೆಯ ಮೇಲೂ ಇದ್ದ ಬಟ್ಟೆ. ಪಾಂಡಿತ್ಯದ ಲಕ್ಷಣವೇನೂ ಆಗಿರಲಿಲ್ಲ.

ಇದಕ್ಕೆ ವಿಧಿಯ ಬಲವು ಬಂದದ್ದು ಕ್ರಿ. ಶ. ೧೨೨೨ರಲ್ಲಿ. ಆಗ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ಸ್ಟೀಫನ್ ಲ್ಯಾಂಗ್‌ಟನ್ನನು ಆಕ್ಸ್‌ಫರ್ಡಿನಲ್ಲಿ ಕೂಡಿಸಿದ ಧರ್ಮಸಭೆಯು ಸಂಘದವರಿಗೆ ‘ಕಾಪ್ಪ ಕ್ಲೌಸ’ ಎಂಬ ಉಡುಪನ್ನು ವಿಧಿಸಿತು. ಲ್ಯಾಟಿನ್ ಭಾಷೆಯ ಈ ಹೆಸರಿಗೆ ಮುಚ್ಚಿದ ಹೊದಿಕೆಯೆಂದು ಅರ್ಥ. ಮುಂಭಾಗವು ಪೂರ್ತಿ ಹೊಲಿದುಹೋಗಿ, ಕೈಗಳನ್ನು ಹೊರಕ್ಕೆ ಚಾಚಲು ಒಂದು ಸೀಳು ಮಾತ್ರ ಇರುವ ಉದ್ದವಾದ ಹೊದಿಕೆ ಅದು. ಲ್ಯಾಂಗ್‌ಟನ್ನನು ಸ್ವತಃ ಪ್ಯಾರಿಸಿನಲ್ಲಿ ಪಾಠ ಹೇಳಿದ ಪಂಡಿತನೆಂಬುದನ್ನು ಇಲ್ಲಿ ನೆನೆಯಬೇಕು. ಕಾಲಕ್ರಮದಲ್ಲಿ ಧರ್ಮಸಂಘದ ಇತರರು ಇದನ್ನು ಬಿಟ್ಟರು; ವಿದ್ಯಾಸಂಘದ ಗುರುಗಳು ಬಿಡಲಿಲ್ಲ. ಕೇಂಬ್ರಿಜಿನಲ್ಲಿ ಇಂದಿಗೂ ಪದವೀಪ್ರದಾನದ ದಿನ ಕುಲಪತಿಯ ಪ್ರತಿನಿಧಿಯು ತೊಡುವ ಕೆಂಪು ಬಣ್ಣದ, ಬಿಳಿಯ ತುಪ್ಪಟದ ಅಂಚುಳ್ಳ ಹೊದಿಕೆಯು ಈ ಕಾಪ್ಪವೇ. ಈ ಮಾತನ್ನು ವೇಷದ ಇತಿಹಾಸಕ್ಕೆಲ್ಲ ಸೂತ್ರವೆಂದು ಹೇಳಬಹುದು. ವಿಶ್ವವಿದ್ಯಾನಿಲಯವು ಹೊಸ ವೇಷವನ್ನು ನಿರ್ಮಿಸಲಿಲ್ಲ. ಲೋಕವು ತನ್ನ ಉಡುಪನ್ನು ಬದಲಾಯಿಸುತ್ತ ಹೋಯಿತು. ವಿಶ್ವವಿದ್ಯಾನಿಲಯವು ನಿಂತಲ್ಲೇ ನಿಂತಿತು. ಸಾಮಾನ್ಯವಾಗಿದ್ದುದು ಹಾಗೆ ನಿಂತದ್ದರಿಂದಲೇ ವಿಶೇಷವಾಯಿತು. ಭಾಷೆಯಲ್ಲಿಯೂ ಹೀಗಾಗುವುದುಂಟು: ಒಂದು ಕಾಲದಲ್ಲಿ ಬೀದಿಯ ಮಾತಾಗಿದ್ದ ರೂಪವು ಶಾಸನದಲ್ಲಿ ಉಳಿದು ಮುಂದಿನವರಿಗೆ ಗ್ರಾಂಥಿಕವಾಗಿ ತೋರುತ್ತದೆ.

ಕುಲಾವಿಯ ಗತಿಯೂ ಇದೇ. ತಲೆಗೆ ಟೋಪಿಯನ್ನಿಡುವ ರೂಢಿ ಬಂದ ಮೇಲೆ ಕುಲಾವಿಯು ತಲೆಯಿಂದ ಜಾರಿ ಬೆನ್ನಿನ ಮೇಲೆ ಬಿದ್ದಿತು. ಉಪಯೋಗವು ಹೋಯಿತು, ಆದರೆ ಅದರ ಒಳಪದರವು ಈಗ ನೋಡುವವರ ಕಣ್ಣಿಗೆ ಬೀಳತೊಡಗಿದ್ದರಿಂದ ಸಂಕೇತಕ್ಕೆ ತಕ್ಕ ಸ್ಥಾನವಾಯಿತು. ಹದಿನೈದನೆಯ ಶತಮಾನದ ಕಟ್ಟಳೆಗಳಲ್ಲಿ ಯಾರು ಯಾವ ತುಪ್ಪಟವನ್ನು ಹಾಕಿಸಬಹುದು, ಯಾರು ರೇಷ್ಮೆಯನ್ನು ಹಾಕಿಸಬಹುದು ಎಂಬ ನಿಯಮಗಳು ಕಾಣುತ್ತವೆ. ಕೆಳಗಿನ ಪದವಿಯವರಿಗೆ ಕುರಿಯ ಚರ್ಮ. ಮೇಲಿನವರಿಗೆ ಬೆಲೆಬಾಳುವ ತುಪ್ಪಟ, ಬೇಸಗೆಗೆ ರೇಷ್ಮೆ. ಇಂದು ಆಕ್ಸ್‌ಫರ್ಡಿನ ಬಿ. ಎ. ಪದವೀಧರನ ಕರಿಯ ಕುಲಾವಿಗೆ ಬಿಳಿಯ ತುಪ್ಪಟದ ಅಂಚೂ ಎಂ. ಎ. ಪದವೀಧರನದಕ್ಕೆ ಕೆಂಪು ರೇಷ್ಮೆಯ ಒಳಪದರವೂ ಇರುವುದು ಈ ಹಳೆಯ ಭೇದದ ಅವಶೇಷ. ತುಪ್ಪಟವು ಮಾತ್ರ ಈಗ ಕೃತಕವಾದದ್ದು. ನಮ್ಮ ಕಡೆ ಬೇಸಗೆಯಲ್ಲಿ ನಡೆಯುವ ಘಟಿಕೋತ್ಸವಗಳಲ್ಲಿ ಬೆವರುತ್ತ ಕುಳಿತವರಿಗೆ, ತಮ್ಮ ಬೆನ್ನ ಮೇಲಿರುವುದು ಚಳಿಗೆ ಹೊದೆಯುವ ಮುಸುಕೆಂಬುದು ತಿಳಿಯದಿರುವುದೇ ಒಳ್ಳೆಯದೋ ಏನೋ.

ಚೌಕಟೋಪಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಧರ್ಮಸಂಘದವರ ನಾಲ್ಕು ಮೂಲೆಯ ಮೆತ್ತನೆಯ ಟೋಪಿಯು ಕ್ರಮೇಣ ಚಪ್ಪಟೆಯಾಗಿ, ಗಟ್ಟಿಯಾಗಿ, ಗೊಂಡೆಯನ್ನು ಪಡೆದು ಈಗಿನ ರೂಪಕ್ಕೆ ಬಂದಿತು. ಗಾರೆಕೆಲಸದವರು ಗಾರೆಯನ್ನು ಎತ್ತಿಹಿಡಿಯುವ ಹಲಗೆಯ ಹೆಸರನ್ನೇ ಇಂಗ್ಲಿಷರು ಇದಕ್ಕೆ ಪರಿಹಾಸಕ್ಕಾಗಿ ಇಟ್ಟರು. ಅಡ್ಡಹೆಸರೇ ಕೊನೆಗೆ ನಿಂತಿತು. ಕೇಂಬ್ರಿಜಿನ ಸಾಮಾನ್ಯ ವಿದ್ಯಾರ್ಥಿಗಳಿಗೆ ಬಹುಕಾಲ ದುಂಡುಟೋಪಿಯೇ ಗತಿಯಾಗಿದ್ದು, ಅವರು ಬೇಡಿಕೊಂಡ ಮೇಲೆ ೧೭೬೯ರಲ್ಲಿ ಅವರಿಗೂ ಚೌಕಟೋಪಿಯು ದೊರೆಯಿತು.

ಇನ್ನು ಅರ್ಥವಿಚಾರ. ಈ ವೇಷವನ್ನು ಪಡೆಯುವವನು ಏನನ್ನು ಪಡೆಯುತ್ತಿದ್ದನು? ಮಧ್ಯಯುಗದಲ್ಲಿ ಪದವಿಯೆಂದರೆ ಪಾಠ ಹೇಳುವ ಅಧಿಕಾರ. ೧೨೧೯ರಲ್ಲಿ ಪೋಪ್ ಮೂರನೆಯ ಹೊನೋರಿಯಸನು, ಬೊಲೋನಿಯದಲ್ಲಿ ಅಲ್ಲಿಯ ಧರ್ಮಾಧಿಕಾರಿಯ ಅನುಜ್ಞೆಯಿಲ್ಲದೆ ಯಾರೂ ಬೋಧಿಸಕೂಡದೆಂದು ಆಜ್ಞೆ ಮಾಡಿದನು. ಡಾಕ್ಟರ್ ಎಂಬ ಲ್ಯಾಟಿನ್ ಶಬ್ದಕ್ಕೆ ಬೋಧಿಸುವವನೆಂದೇ ವ್ಯುತ್ಪತ್ತಿ. ಅನುಜ್ಞೆಯನ್ನು ಪಡೆದವನನ್ನು ಗುರುಗಳ ಸಂಘವು ತನ್ನೊಳಕ್ಕೆ ಸೇರಿಸಿಕೊಳ್ಳುತ್ತಿತ್ತು. ಬೊಲೋನಿಯದಲ್ಲಿ ಅವನನ್ನು ಆಚಾರ್ಯಪೀಠದ ಮೇಲೆ ಕೂರಿಸಿ, ಕೈಗೆ ಗ್ರಂಥವನ್ನು ಕೊಟ್ಟು, ಬೆರಳಿಗೆ ಉಂಗುರವನ್ನು ತೊಡಿಸಿ, ತಲೆಗೆ ಟೋಪಿಯನ್ನಿಡುತ್ತಿದ್ದರು. ಉತ್ತರದ ವಿಶ್ವವಿದ್ಯಾನಿಲಯಗಳಲ್ಲಿ ಈ ಕರ್ಮಕ್ಕೆ ‘ಆರಂಭ’ ಎಂಬರ್ಥದ ಹೆಸರಿತ್ತು. ಹೊಸ ಗುರುವು ತನ್ನ ಮೊದಲ ಪಾಠವನ್ನೂ ವಾದವನ್ನೂ ನಡಸಬೇಕಾಗಿತ್ತು. ಅಮೆರಿಕದವರು ಪದವೀಪ್ರದಾನವನ್ನು ಇಂದಿಗೂ ಆರಂಭವೆಂದೇ ಕರೆಯುತ್ತಾರೆ. ಓದು ಮುಗಿದವನಿಗೆ ಆರಂಭವೆಲ್ಲಿಂದ ಬಂತೆಂದು ಅಲ್ಲಿಯ ಭಾಷಣಕಾರರು ವರ್ಷವರ್ಷವೂ ಚಮತ್ಕಾರದಿಂದ ಸಮಾಧಾನ ಹೇಳುವುದುಂಟು. ಸಮಾಧಾನವು ಸರಳ: ಆರಂಭವಾಗುತ್ತಿದ್ದದ್ದು ಅಧ್ಯಾಪನ.

ಆಕ್ಸ್‌ಫರ್ಡಿನ ಈಗಿನ ವಿಧಿಯಲ್ಲಿಯೂ ಈ ಅರ್ಥವು ಸ್ಪಷ್ಟವಾಗಿ ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಕ್ರಿಸ್ಟೋಫರ್ ರೆನ್ನನು ಕಟ್ಟಿಸಿದ ಷೆಲ್ಡೋನಿಯನ್ ಮಂದಿರದಲ್ಲಿ ಸಭೆ ಸೇರುತ್ತದೆ. ಲ್ಯಾಟಿನ್ ಭಾಷೆಯಲ್ಲಿಯೇ ವಿಧಿ ನಡೆಯುತ್ತದೆ. ಅಭ್ಯರ್ಥಿಗಳು ತಮ್ಮ ಹಿಂದಿನ ವೇಷದಲ್ಲಿ ಬಂದು ನಿಲ್ಲುತ್ತಾರೆ. ಅವರನ್ನು ಪದವಿಗೆ ಅಂಗೀಕರಿಸಿದ ಮಾತನ್ನು ಹೇಳಿದ ಕೂಡಲೆ ಹೊರಕ್ಕೆ ಹೋಗುತ್ತಾರೆ. ಹೊರಗಡೆ ಹೊಸ ಪದವಿಯ ಅಂಗಿಯನ್ನೂ ಕುಲಾವಿಯನ್ನೂ ಧರಿಸಿ ಮತ್ತೆ ಒಳಕ್ಕೆ ಬಂದು ತಲೆಬಾಗುತ್ತಾರೆ. ಈ ಮರುಪ್ರವೇಶವೇ ಆ ಕರ್ಮದ ಪ್ರಾಣ. ಶಿಷ್ಯನಾಗಿ ಹೊರಕ್ಕೆ ಹೋದವನು ಸಂಘದವನಾಗಿ ಒಳಕ್ಕೆ ಬಂದನು. ಇದಲ್ಲದೆ ಅಲ್ಲಿಯ ಎಂ. ಎ. ಪದವಿಗೆ ಪರೀಕ್ಷೆಯಿಲ್ಲ, ಬಿ. ಎ. ಆದವನು ಸೇರಿದಂದಿನಿಂದ ಇಪ್ಪತ್ತೊಂದು ಅವಧಿಗಳು ಕಳೆದರೆ ಅದನ್ನು ಪಡೆಯಬಹುದು. ಪರೀಕ್ಷೆಯೇ ಪದವಿಯೆಂದು ತಿಳಿದ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ಸಂಘದಲ್ಲಿ ಹಿರಿಯನಾಗುವುದೇ ಪದವಿಯೆಂದು ತಿಳಿದರೆ ವಿಚಿತ್ರವೇನೂ ಇಲ್ಲ.

ಸಂಘವೆಂದ ಮೇಲೆ ಅದಕ್ಕೆ ಬಾಗಿಲೂ ಉಂಟು, ಬೀಗವೂ ಉಂಟು. ೧೬೩೬ರಲ್ಲಿ ಆಕ್ಸ್‌ಫರ್ಡಿನ ಕುಲಪತಿಯಾಗಿದ್ದ ವಿಲಿಯಂ ಲಾಡನು ಜಾರಿಗೆ ತಂದ ಕಟ್ಟಳೆಯ ಹದಿನಾಲ್ಕನೆಯ ಅಧ್ಯಾಯವು ಉಡುಪಿಗಾಗಿಯೇ ಮೀಸಲಾಗಿದೆ. ಹೊಸ ಮಾದರಿಗಳು ನುಸುಳದಂತೆ ದರ್ಜಿಗಳ ಮೇಲೂ ಅದು ಕಣ್ಣಿಟ್ಟಿತ್ತು. ವೇಷವು ಎಲ್ಲರನ್ನೂ ಸಮರನ್ನಾಗಿ ಮಾಡುತ್ತದೆ, ಬಡವ ಬಲ್ಲಿದರ ಭೇದವನ್ನು ಮರೆಸುತ್ತದೆ ಎಂದು ಹೇಳುವವರು ಈ ಇತಿಹಾಸವನ್ನು ಅವಶ್ಯವಾಗಿ ನೋಡಬೇಕು. ಹದಿನೆಂಟನೆಯ ಶತಮಾನದ ಆಕ್ಸ್‌ಫರ್ಡಿನಲ್ಲಿ ಸರದಾರನ ಮಗನ ಟೋಪಿಗೆ ಚಿನ್ನದ ಗೊಂಡೆ. ಇತರರ ಸೇವೆ ಮಾಡಿಕೊಂಡು ಓದುವ ಬಡ ವಿದ್ಯಾರ್ಥಿಯ ಟೋಪಿಗೆ ಗೊಂಡೆಯೇ ಇಲ್ಲ. ಚಿನ್ನದ ಗೊಂಡೆಯವರ ಬೆನ್ನು ಹತ್ತಿ ಓಲೈಸುವವರಿಗೆ ‘ಗೊಂಡೆಬೇಟೆಗಾರ’ರೆಂಬ ಅರ್ಥದ ಬೈಗುಳವು ಇಂಗ್ಲಿಷಿನಲ್ಲಿ ಹುಟ್ಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭೇದಗಳು ಹೋದುವು. ಆದರೂ ಹೆಚ್ಚಿನ ಯೋಗ್ಯತೆಯಿಂದ ವೇತನ ಪಡೆದ ವಿದ್ಯಾರ್ಥಿಗೆ ಉದ್ದನೆಯ ಅಂಗಿ, ಉಳಿದವರಿಗೆ ಮೋಟಂಗಿ ಎಂಬ ವಿವೇಚನೆಯು ಇಂದಿಗೂ ಉಂಟು. ಹೀಗಿದ್ದರೂ ಅಲ್ಲಿಯ ವಿದ್ಯಾರ್ಥಿಗಳು ವೇಷವನ್ನು ಬಿಡಲು ಒಪ್ಪಿಲ್ಲ. ಪರೀಕ್ಷೆಗೆ ಅಂಗಿಯನ್ನೂ ಅದರ ಒಳಗೆ ಮಂಕುಬಣ್ಣದ ಉಡುಪನ್ನೂ ಧರಿಸಲೇಬೇಕೆಂಬ ನಿಯಮವು ಬೇಕೇ ಎಂದು ೨೦೦೬ರಲ್ಲಿಯೂ ೨೦೧೫ರಲ್ಲಿಯೂ ಅವರ ಮತವನ್ನೇ ಕೇಳಲಾಯಿತು. ಎರಡು ಸಲವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಬೇಕೆಂದರು.

ಬಾಗಿಲಿನ ಬೀಗವು ನಿಜವಾಗಿ ಕಂಡದ್ದು ಸ್ತ್ರೀಯರ ವಿಷಯದಲ್ಲಿ. ಕಾರ್ನೀಲಿಯ ಸೊರಾಬ್ಜಿಯೆಂಬ ಭಾರತೀಯ ವಿದುಷಿಯು ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಪದವೀಧರೆಯಾಗಿ ಆಕ್ಸ್‌ಫರ್ಡಿಗೆ ಹೋಗಿ, ೧೮೯೨ರಲ್ಲಿ ಅಲ್ಲಿಯ ನ್ಯಾಯಶಾಸ್ತ್ರದ ಬಿ. ಸಿ. ಎಲ್. ಪರೀಕ್ಷೆಗೆ ಕುಳಿತಳು. ಆ ಪರೀಕ್ಷೆಗೆ ಕುಳಿತ ಸ್ತ್ರೀಯರಲ್ಲಿ ಅವಳೇ ಮೊದಲನೆಯವಳು. ಅವಳ ವಿದ್ಯೆಯನ್ನು ವಿಶ್ವವಿದ್ಯಾನಿಲಯವು ಪರೀಕ್ಷಿಸಬಹುದಾಗಿತ್ತು; ಅವಳಿಗೆ ಪದವಿಯನ್ನು ಕೊಡುವಂತಿರಲಿಲ್ಲ. ಆಕ್ಸ್‌ಫರ್ಡು ಸ್ತ್ರೀಯರಿಗೆ ಪದವಿ ಕೊಡಲು ಒಪ್ಪಿದ್ದು ೧೯೨೦ರಲ್ಲಿ. ಕಾರ್ನೀಲಿಯ ಸೊರಾಬ್ಜಿಗೆ ಪದವಿಯು ಬಂದದ್ದು ೧೯೨೨ರಲ್ಲಿ, ಪರೀಕ್ಷೆಯಾದ ಮೂವತ್ತು ವರ್ಷಗಳ ಮೇಲೆ. ಕೇಂಬ್ರಿಜಿನವರ ಹಠವು ಇನ್ನೂ ದೊಡ್ಡದು. ೧೮೯೭ರಲ್ಲಿ ಈ ಪ್ರಶ್ನೆಯು ಮತಕ್ಕೆ ಬಂದ ದಿನ ವಿರೋಧಿಗಳು ಬೈಸಿಕಲ್ಲಿನ ಮೇಲೆ ಕುಳಿತ ಹೆಣ್ಣಿನ ಬೊಂಬೆಯನ್ನು ಬೀದಿಯಲ್ಲಿ ತೂಗುಹಾಕಿದ್ದರು. ೧೯೨೧ರಲ್ಲಿ ಪದವಿಯ ಹೆಸರನ್ನು ಮಾತ್ರ ಕೊಟ್ಟು ಸಂಘದ ಸದಸ್ಯತ್ವವನ್ನು ಕೊಡದೆ ಉಳಿಸಿಕೊಂಡರು. ಪೂರ್ಣಪದವಿಯು ೧೯೪೮ರಲ್ಲಿ ದೊರೆಯಿತು. ಇದನ್ನು ಕೇವಲ ಸ್ತ್ರೀದ್ವೇಷವೆಂದು ಹೇಳಿ ಮುಂದೆ ಹೋಗಬಹುದು. ಆದರೆ ನಮ್ಮ ವಿಷಯಕ್ಕೆ ಇದರಲ್ಲೊಂದು ಸಾಧಕವಿದೆ. ಪದವಿಯು ವಿದ್ಯೆಗೆ ಕೊಟ್ಟ ಗುರುತುಚೀಟಿ ಮಾತ್ರವಾಗಿದ್ದರೆ, ತೇರ್ಗಡೆಯಾದವಳಿಗೆ ಅದನ್ನು ಕೊಡಲು ಅಷ್ಟು ಸಂಕಟವೇಕೆ? ಕೊಡಬೇಕಾಗಿದ್ದದ್ದು ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಸ್ಥಾನ, ಮತ, ಅಧಿಕಾರ. ಅಂಗಿಯು ಅದರ ಹೊರರೂಪ. ನಮ್ಮ ಕಲ್ಕತ್ತೆಯ ವಿಶ್ವವಿದ್ಯಾನಿಲಯವಾದರೋ ೧೮೮೩ರಲ್ಲಿಯೇ ಕಾದಂಬಿನಿ ಬಸು, ಚಂದ್ರಮುಖಿ ಬಸು ಎಂಬ ಇಬ್ಬರು ಸ್ತ್ರೀಯರಿಗೆ ಪದವಿ ಕೊಟ್ಟಿತು. ಕಲ್ಕತ್ತೆಯವರು ಆಕ್ಸ್‌ಫರ್ಡಿನವರಿಗಿಂತ ಉದಾರರೆಂಬುದು ಇದಕ್ಕೆ ಒಂದು ಕಾರಣವಿರಬಹುದು. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಸಮಾವರ್ತನಕ್ಕೆ ಬರೋಣ. ಬ್ರಹ್ಮಚಾರಿಯ ವೇಷವು ಪ್ರಸಿದ್ಧವೇ ಆಗಿದೆ: ಅಜಿನ, ಮೇಖಲೆ, ದಂಡ. ವಿದ್ಯೆಯ ವೇಷವೆಂದು ನಮ್ಮಲ್ಲಿ ಯಾವುದಕ್ಕಾದರೂ ಹೆಸರಿಡಬೇಕಾದರೆ ಇದಕ್ಕೇ ಇಡಬೇಕು. ಸಮಾವರ್ತನದಲ್ಲಿ ಇದನ್ನು ತೊಡುವುದಿಲ್ಲ, ಕಳಚುತ್ತಾರೆ. ಆಪಸ್ತಂಬರ ಪ್ರಕಾರ ಸ್ನಾನಮಾಡತಕ್ಕವನು ಸೂರ್ಯೋದಯಕ್ಕೆ ಮೊದಲೇ ಗೋಷ್ಠವನ್ನು ಹೊಕ್ಕು, ಕೂದಲು ಒಳಮುಖವಾಗಿರುವಂತೆ ಚರ್ಮದಿಂದ ಬಾಗಿಲನ್ನು ಮುಚ್ಚಿ ಕುಳಿತಿರಬೇಕು. ಆ ದಿನ ಅವನನ್ನು ಬಿಸಿಲು ಸೋಕಕೂಡದು. ಪಾರಸ್ಕರರು ಎಂಟು ಕಲಶಗಳ ಸ್ನಾನವನ್ನು ಹೇಳುತ್ತಾರೆ. ಮೇಖಲೆಯನ್ನು ಬಿಚ್ಚಿ, ಕ್ಷೌರಸ್ನಾನಾದಿಗಳನ್ನು ಮಾಡಿಕೊಂಡು, ಅಲ್ಲಿಯವರೆಗೆ ತನಗೆ ನಿಷಿದ್ಧವಾಗಿದ್ದ ಸುಖವಸ್ತುಗಳನ್ನು ಅವನು ಒಂದೊಂದಾಗಿ ಸ್ವೀಕರಿಸುತ್ತಾನೆ. ಆಶ್ವಲಾಯನಗೃಹ್ಯದ ಮೂರನೆಯ ಅಧ್ಯಾಯದಲ್ಲಿ ಈ ವಸ್ತುಗಳ ಪಟ್ಟಿಯೇ ಇದೆ: ಮಣಿ, ಎರಡು ಕುಂಡಲಗಳು, ವಸ್ತ್ರಯುಗ್ಮ, ಛತ್ರ, ಪಾದರಕ್ಷೆಯ ಜೋಡು, ದಂಡ, ಮಾಲೆ, ಮೈಗೆ ತಿಕ್ಕಿಕೊಳ್ಳುವ ಉದ್ವರ್ತನ, ಲೇಪನ, ಅಂಜನ, ಉಷ್ಣೀಷ. ಇದರಲ್ಲಿ ವಿದ್ವತ್ತಿನ ಲಾಂಛನವು ಯಾವುದು? ಒಂದೂ ಇಲ್ಲ. ಇವೆಲ್ಲ ಗೃಹಸ್ಥನ ವಸ್ತುಗಳು, ಊರಿಗೆ ಹಿಂದಿರುಗುವ ದಾರಿಯ ವಸ್ತುಗಳು. ಸಮಾವರ್ತನವೆಂಬ ಶಬ್ದಕ್ಕೆ ಹಿಂದಿರುಗುವುದೆಂದೇ ಅರ್ಥ. ಗುರುವಿನ ಅನುಮತಿ ಪಡೆದು ಸ್ನಾತನಾಗಿ ಸಮಾವೃತ್ತನಾದವನು ವಿವಾಹಮಾಡಿಕೊಳ್ಳಬೇಕೆಂದು ಮನುವೂ ಮುಂದಿನ ಹೆಜ್ಜೆಯನ್ನು ಹೇಳುತ್ತಾನೆ.

ಹೀಗೆ ಎರಡೂ ಕರ್ಮಗಳಲ್ಲಿ ಹೊಸ ಬಟ್ಟೆಯೆಂಬುದು ಸಮಾನವಾದರೂ ಅರ್ಥವು ವಿಪರೀತ. ಬೊಲೋನಿಯದವನು ಗುರುವಿನ ಬಟ್ಟೆಯನ್ನು ತೊಟ್ಟು ಗುರುಪೀಠವನ್ನೇರಿದನು. ಆಶ್ವಲಾಯನರ ಸ್ನಾತಕನು ಗೃಹಸ್ಥನ ಬಟ್ಟೆಯನ್ನು ತೊಟ್ಟು ಗುರುಗೃಹದಿಂದ ಇಳಿದನು. ಪಶ್ಚಿಮದ ಪದವೀಧರನಿಗೆ ಸಾದೃಶ್ಯವನ್ನು ನಮ್ಮ ಶಾಸ್ತ್ರದಲ್ಲಿ ಹುಡುಕುವುದಾದರೆ, ಯಾವಜ್ಜೀವವೂ ಗುರುಕುಲದಲ್ಲಿಯೇ ನಿಲ್ಲುವ ನೈಷ್ಠಿಕ ಬ್ರಹ್ಮಚಾರಿಯು ಸ್ನಾತಕನಿಗಿಂತ ಹತ್ತಿರದವನೆಂದು ನನಗೆ ತೋರುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಆಕ್ಸ್‌ಫರ್ಡು ಕೇಂಬ್ರಿಜುಗಳ ವಿದ್ಯಾಶಾಲೆಗಳಲ್ಲಿ ವೃತ್ತಿ ಪಡೆದ ಗುರುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಸಾಮಾನ್ಯವಾಗಿ ಅವಿವಾಹಿತರಾಗಿಯೇ ಇರಬೇಕಾಗಿತ್ತು; ಮದುವೆಯಾದರೆ ವೃತ್ತಿಯನ್ನು ಬಿಡಬೇಕಾಗಿತ್ತು. ಇಲ್ಲಿ ವಿದ್ಯೆ ಮುಗಿದ ಗುರುತು ಮದುವೆಯ ಅಧಿಕಾರ. ಅಲ್ಲಿ ವಿದ್ಯಾಸಂಘದಲ್ಲಿ ಉಳಿದ ಗುರುತು ಮದುವೆಯಿಲ್ಲದಿರುವುದು.

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯ ಹನ್ನೊಂದನೆಯ ಅನುವಾಕವನ್ನು ನಮ್ಮ ಅನೇಕ ವಿಶ್ವವಿದ್ಯಾನಿಲಯಗಳು ಪದವೀಧರರಿಗೆ ಉಪದೇಶವಾಗಿ ಓದುತ್ತವೆ. ಆಚಾರ್ಯನು ಅಂತೇವಾಸಿಗೆ ಕೊಡುವ ಆ ಅನುಶಾಸನದಲ್ಲಿ ಸಂತತಿಯನ್ನು ಕಡಿಯಬಾರದೆಂಬ ಮಾತಿದೆ, ತಾಯಿ ತಂದೆ ಅತಿಥಿಗಳನ್ನು ದೇವರಂತೆ ಕಾಣಬೇಕೆಂಬ ಮಾತಿದೆ. ಮನೆಗೆ ಹೋಗುವವನಿಗೆ ಹೇಳುವ ಮಾತುಗಳಿವು. ಇದನ್ನು ಕೇಳುತ್ತ ನಿಂತವನ ಮೈಮೇಲೆ ಮನೆಯಿಲ್ಲದ ಧರ್ಮಸಂಘದವನ ಅಂಗಿ. ಈ ವೈಷಮ್ಯವು ಯಾರಿಗೂ ನೋವನ್ನುಂಟುಮಾಡುವುದಿಲ್ಲ. ಯಾರೂ ಎರಡನ್ನೂ ಅರ್ಥಕೊಟ್ಟು ನೋಡುವುದಿಲ್ಲವಷ್ಟೆ.

ಇವೆರಡಕ್ಕೂ ಸೇರದ ಮೂರನೆಯ ಬಟ್ಟೆಯೊಂದು ನಮ್ಮಲ್ಲಿ ಉಂಟು. ಅದು ಶಾಲು. ರಾಜಸಭೆಯಲ್ಲಿ ವಾಕ್ಯಾರ್ಥ ಹೇಳಿದ ಪಂಡಿತನಿಗೆ, ಪರೀಕ್ಷೆಯಲ್ಲಿ ಗೆದ್ದ ವಿದ್ವಾಂಸನಿಗೆ ಶಾಲು ಹೊದಿಸಿ ಸತ್ಕರಿಸುವುದು ರೂಢಿ. ಪಾಠಶಾಲೆಯಲ್ಲಿ ಓದಿದ ನಮ್ಮಂತಹವರಿಗೆ ನಿಲುವಂಗಿಯ ಯೋಗವು ಬರಲಿಲ್ಲ, ಶಾಲಿನ ಯೋಗವು ಆಗಾಗ ಬಂದಿದೆ. ಶಾಲು ಒಳಕ್ಕೆ ಕರೆಯುವುದೂ ಇಲ್ಲ, ಹೊರಕ್ಕೆ ಕಳುಹಿಸುವುದೂ ಇಲ್ಲ. ಕೊಡುವವನ ಗೌರವವು ಅದನ್ನು ಪಡೆಯುವವನಲ್ಲಿ ಕಾಣುತ್ತದೆ, ಅಷ್ಟೇ. ಪಾಂಡಿತ್ಯಕ್ಕೇ ಮೀಸಲಾದ ಶಿರೋವಸ್ತ್ರವು ಬೇಕಾದರೆ ಬೌದ್ಧರ ಕಡೆಗೆ ತಿರುಗಬೇಕು. ಟಿಬೆಟ್ಟಿನ ಚಿತ್ರಪಟಗಳಲ್ಲಿ, ವಿಕ್ರಮಶಿಲೆಯಲ್ಲಿದ್ದು ಆ ದೇಶಕ್ಕೆ ಹೋದ ದೀಪಂಕರ ಅತೀಶನೇ ಮೊದಲಾದವರ ತಲೆಯ ಮೇಲೆ, ಎರಡು ಕಿವಿಗಳ ಮೇಲಿಂದ ಉದ್ದವಾದ ಪಟ್ಟಿಗಳು ಇಳಿಬಿದ್ದ ಚೂಪುಟೋಪಿಯನ್ನು ಕಾಣುತ್ತೇವೆ. ಅವರ ಭಾಷೆಯಲ್ಲಿ ಅದಕ್ಕೆ ಪಂಡಿತನ ಟೋಪಿಯೆಂದೇ ಹೆಸರು. ಅದು ಭಾರತದ ಮಹಾವಿಹಾರಗಳಿಂದ ಬಂದದ್ದೆಂದು ಟಿಬೆಟ್ಟಿನ ಸಂಪ್ರದಾಯವು ಹೇಳುತ್ತದೆ. ವಿಹಾರವೂ ಮನೆಬಿಟ್ಟವರ ಸಂಘವೇ. ಬೊಲೋನಿಯದ ಟೋಪಿಗೆ ಸಮಾನವಾದದ್ದು ಅಲ್ಲಿ ದೊರೆಯುವುದು ಆಶ್ಚರ್ಯವಲ್ಲ.

ಇಂಗ್ಲೆಂಡಿನ ವೇಷವು ನಮಗೆ ಬಂದ ಬಗೆಯನ್ನು ಇನ್ನು ಸಂಕ್ಷೇಪವಾಗಿ ಹೇಳಬಹುದು. ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಇವುಗಳಿಗೆ ಮಾದರಿಯಾದದ್ದು ಆಕ್ಸ್‌ಫರ್ಡಲ್ಲ, ಲಂಡನ್. ಆಗಿನ ಲಂಡನ್ನಿನ ವ್ಯವಸ್ಥೆಯಂತೆ ಇವು ಪಾಠ ಹೇಳುವ ಸಂಘಗಳಾಗಿರಲಿಲ್ಲ. ಕಾಲೇಜುಗಳಿಂದ ಬಂದವರನ್ನು ಪರೀಕ್ಷಿಸಿ ಪದವಿ ಕೊಡುವ ಕಛೇರಿಗಳಾಗಿದ್ದುವು. ಅಂಗಿ ಕುಲಾವಿಗಳು ಬಂದುವು. ಅವುಗಳ ಒಳಗಿದ್ದ ಸಂಘವು ಬರಲಿಲ್ಲ. ಒಳಕ್ಕೆ ಸೇರಿಸಿಕೊಳ್ಳಲು ಒಳಗೆಂಬುದೇ ಇಲ್ಲದ ಕಡೆ ಪದವಿಯು ನಿಜವಾಗಿಯೂ ಗುರುತುಚೀಟಿಯಾಯಿತು. ಕಲ್ಕತ್ತೆಯು ಸ್ತ್ರೀಯರಿಗೆ ಬೇಗನೆ ಪದವಿ ಕೊಡಲು ಸಾಧ್ಯವಾದದ್ದಕ್ಕೆ ನಾನು ಮೇಲೆ ಸೂಚಿಸಿದ ಇನ್ನೊಂದು ಕಾರಣವು ಇದೇ ಇರಬೇಕೆಂದು ಊಹಿಸುತ್ತೇನೆ; ಲಂಡನ್ ವಿಶ್ವವಿದ್ಯಾನಿಲಯವೂ ೧೮೭೮ರಲ್ಲಿಯೇ ಅವರಿಗೆ ಪದವಿಗಳನ್ನು ತೆರೆದಿತ್ತು. ಕಾವಲು ಕಾಯಬೇಕಾದ ಕೋಟೆಯಿಲ್ಲದಿದ್ದರೆ ಬಾಗಿಲು ತೆರೆಯುವುದು ಸುಲಭ. ಕೊರತೆಯಿಂದಲೂ ಒಮ್ಮೊಮ್ಮೆ ಉಪಕಾರವಾಗುವುದುಂಟು.

ಮೈಸೂರು ಸೀಮೆಯ ವಿದ್ಯಾರ್ಥಿಗಳು ಮೊದಲು ಮದರಾಸಿನ ಪದವಿಗಳನ್ನೇ ಪಡೆಯುತ್ತಿದ್ದರು. ಧಾರವಾಡ ಬೆಳಗಾವಿಗಳವರಿಗೆ ಮುಂಬಯಿಯೇ ಗತಿಯಾಗಿತ್ತು. ೧೯೧೬ರ ಜುಲೈ ತಿಂಗಳಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿ, ಮಹಾರಾಜರು ಕುಲಪತಿಗಳೂ ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳೂ ಆದರು. ೧೯೧೮ರಲ್ಲಿ ನಡೆದ ಅದರ ಮೊದಲ ಘಟಿಕೋತ್ಸವದ ಭಾಷಣವನ್ನು ಮಾಡಿದವರು ಕಲ್ಕತ್ತೆಯ ಆಶುತೋಷ ಮುಖರ್ಜಿಯವರು. ಪರೀಕ್ಷಾ ಕಛೇರಿಯಾಗಿದ್ದ ತಮ್ಮ ವಿಶ್ವವಿದ್ಯಾನಿಲಯವನ್ನು ಅಧ್ಯಾಪನ ಸಂಶೋಧನೆಗಳ ಸ್ಥಾನವನ್ನಾಗಿ ಮಾರ್ಪಡಿಸಿದವರೇ ಇಲ್ಲಿಯ ಮೊದಲ ಉತ್ಸವಕ್ಕೆ ಬಂದದ್ದು ಉಚಿತವಾಗಿಯೇ ಇತ್ತು.

ವೇಷಪರಿವರ್ತನೆಯ ಪ್ರಶ್ನೆಯನ್ನು ಇಷ್ಟು ತಿಳಿದುಕೊಂಡು ನೋಡಬೇಕು. ೨೦೧೦ರಲ್ಲಿ ಆಗ ಕೇಂದ್ರದ ಮಂತ್ರಿಗಳಾಗಿದ್ದ ಜೈರಾಮ್ ರಮೇಶರು ಭೋಪಾಲಿನ ಅರಣ್ಯವಿದ್ಯಾಸಂಸ್ಥೆಯ ಉತ್ಸವದಲ್ಲಿ ತಾವು ತೊಟ್ಟಿದ್ದ ನಿಲುವಂಗಿಯನ್ನು ವೇದಿಕೆಯ ಮೇಲೆಯೇ ತೆಗೆದುಹಾಕಿದರು. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ೨೦೧೫ರಲ್ಲಿಯೂ ೨೦೧೯ರಲ್ಲಿಯೂ ಉತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆಯನ್ನು ಬಳಸಬೇಕೆಂದು ತಿಳಿಸಿತು. ನೇಕಾರರಿಗೆ ಕೆಲಸವೂ ತೊಡುವವರಿಗೆ ಗಾಳಿಯೂ ದೊರೆಯುವುದರಿಂದ ಈ ಸೂಚನೆಯನ್ನು ಯಾರೂ ಒಪ್ಪತಕ್ಕದ್ದೇ. ಆದರೆ ನಿಲುವಂಗಿಗೆ ಬದಲಾಗಿ ಉತ್ತರೀಯವನ್ನು ಹೊದಿಸಿ, ಇದು ಸಮಾವರ್ತನವೆಂದು ಹೇಳುವಾಗ ಮಾತನ್ನು ತೂಗಿ ಆಡಬೇಕು. ಹೊದಿಸಿದ ಉತ್ತರೀಯವು ಶಾಲಿನ ಜಾತಿಗೆ ಸೇರಿದ್ದೇ ಹೊರತು ಸ್ನಾತಕನ ವಸ್ತ್ರವಲ್ಲ. ಇದಲ್ಲದೆ ಗೃಹ್ಯಸೂತ್ರಗಳ ಸಮಾವರ್ತನವು ಉಪನೀತರಾದ ತ್ರೈವರ್ಣಿಕ ಪುರುಷರಿಗೆ ವಿಹಿತವಾದದ್ದು. ಕೇಂಬ್ರಿಜಿನ ಬೀಗವನ್ನು ಕಂಡು ನಕ್ಕವರು ಈ ಬೀಗವನ್ನೂ ಕಾಣಬೇಕು. ಇಂದು ನಮ್ಮ ಪದವೀಧರರ ಸಾಲಿನಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೂ ಬಹುಜನರ ಮಕ್ಕಳಿಗೂ ಆ ಕರ್ಮದಲ್ಲಿ ಸ್ಥಳವಿರಲಿಲ್ಲ. ಹೆಸರನ್ನು ಕಡ ತರುವವರು ಅದರೊಡನೆ ಬರುವುದನ್ನೂ ಎಣಿಸಿಕೊಳ್ಳತಕ್ಕದ್ದು. ನಿಲುವಂಗಿಯನ್ನೇ ಉಳಿಸಿಕೊಳ್ಳುವವರೂ ಅರ್ಥದ ದೃಷ್ಟಿಯಿಂದ ಸುಖವಾಗಿಲ್ಲ. ಪ್ರವೇಶದ ವೇಷವನ್ನು ಬಾಡಿಗೆಗೆ ತಂದು, ಸಂಜೆಗೆ ಹಿಂದಕ್ಕೆ ಕೊಟ್ಟು, ಮರುದಿನ ಊರಿಗೆ ಹೊರಟುಹೋಗುವುದು ನಮ್ಮ ಪದ್ಧತಿ. ಕರ್ಮವು ಸಮಾವರ್ತನ, ವೇಷವು ಆರಂಭದ್ದು.

ಸಮಾವರ್ತನದಿಂದ ನಾವು ತೆಗೆದುಕೊಳ್ಳಬಹುದಾದ ಅಂಶವೊಂದು ಇದ್ದರೆ ಅದು ಬಟ್ಟೆಯ ಆಕಾರವಲ್ಲ, ಬಟ್ಟೆಯು ಹೋಗುವ ದಿಕ್ಕು. ಮೇಲೆ ಹೇಳಿದ ಹನ್ನೊಂದು ವಸ್ತುಗಳನ್ನು ಶಿಷ್ಯನು ತನಗೂ ಆಚಾರ್ಯನಿಗೂ ಸಂಪಾದಿಸಬೇಕೆಂದು ಆಶ್ವಲಾಯನರು ವಿಧಿಸುತ್ತಾರೆ. ಇಬ್ಬರಿಗೂ ಸಂಪಾದಿಸಲಾಗದಿದ್ದರೆ ಆಚಾರ್ಯನೊಬ್ಬನಿಗೇ ಎಂದು ಮುಂದಿನ ಸೂತ್ರ. ಆಗ ಸ್ನಾತಕನು ಹಳೆಯ ಬಟ್ಟೆಯಲ್ಲಿಯೇ ಮನೆಗೆ ಹೋಗುತ್ತಾನೆ.

ಪೂರ್ವ ಪಶ್ಚಿಮಗಳ ವಿಧಿಗಳೆರಡೂ ತಮ್ಮ ತಮ್ಮ ಭಾಷೆಯನ್ನು ಬಿಡದೆ ಒಂದೇ ಸಭೆಯಲ್ಲಿ ಕೂಡಿದ ಉದಾಹರಣೆಯೊಂದನ್ನು ಇಲ್ಲಿ ಹೇಳಬಹುದು. ೧೯೪೦ರ ಆಗಸ್ಟ್ ೭ರಂದು ಆಕ್ಸ್‌ಫರ್ಡು ತನ್ನ ಡಾಕ್ಟರ್ ಪದವಿಯನ್ನು ರವೀಂದ್ರನಾಥ ಠಾಕೂರರಿಗೆ ಶಾಂತಿನಿಕೇತನದಲ್ಲಿಯೇ ಕೊಟ್ಟಿತು. ವಿಶ್ವವಿದ್ಯಾನಿಲಯದ ಪ್ರತಿನಿಧಿಗಳಾಗಿ ಬಂದವರು ಆಗಿನ ಫೆಡರಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಮಾರಿಸ್ ಗ್ವಾಯರ್ ಅವರು, ಮತ್ತು ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು. ಪ್ರಶಸ್ತಿಯನ್ನು ಲ್ಯಾಟಿನ್ ಭಾಷೆಯಲ್ಲಿ ಓದಿದರು. ಕವಿಗಳು ಸಂಸ್ಕೃತದಲ್ಲಿ ಉತ್ತರವಿತ್ತರು. ಕವಿಗಳ ಆ ವಿಶ್ವಭಾರತಿಯಲ್ಲಿ ಪದವೀಧರನ ಕೈಗೆ ಸಪ್ತಪರ್ಣಿಯ ಎಲೆಗಳನ್ನು ಕೊಡುವುದು ಸಂಪ್ರದಾಯ. ಬಂಗಾಳಿಗಳು ಛಾತಿಮ್ ಎನ್ನುವ ಈ ಮರವು ನಮ್ಮಲ್ಲಿಯ ಏಳೆಲೆಯ ಹಾಲೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ಉತ್ತರಪದವು ‘ಸ್ಕೊಲಾರಿಸ್’, ಎಂದರೆ ಪಾಠಶಾಲೆಗೆ ಸಂಬಂಧಪಟ್ಟದ್ದು. ಮಕ್ಕಳು ಬರೆಯುವ ಹಲಗೆಗಳನ್ನು ಹಿಂದೆ ಈ ಮರದಿಂದ ಮಾಡುತ್ತಿದ್ದರು.